ಸಿಗ್ಮರ್ ಕಾಣೆಯಾದ ಮಗನೇ? ಎರಡು ವಾರ್‌ಹ್ಯಾಮರ್ ಲೋಕಗಳ ಒಂದು ಪ್ರಕರಣ

ಒಂದು ಗೊಂಬೆಯಿಂದ ಶುರು ಮಾಡುತ್ತೇನೆ. ಕೆಂಪು ಮೈ, ತಲೆ ಮೇಲೆ ಕೊಂಬು, ಕೈಯಲ್ಲಿ ಉದ್ದನೆಯ ಕತ್ತಿ. ಹೆಸರು ಬ್ಲಡ್‌ಲೆಟರ್. ಖೋರ್ನ್ ಎಂಬ ರಕ್ತದಾಹಿ ದೇವರ ಕಾಲಾಳು ದೆವ್ವ. ನನ್ನ ಗೆಳೆಯನೊಬ್ಬನ ಹತ್ತಿರ ಇಂಥ ಇಪ್ಪತ್ತು ಗೊಂಬೆಗಳಿದ್ದವು. ಎಲ್ಲವನ್ನೂ ದುಂಡನೆಯ ಬೇಸ್ ಮೇಲೆ ಅಂಟಿಸಿದ್ದ. ಜೊತೆಗೆ ಒಂದು ಚೌಕ ಹಲಗೆಗೆ ದುಂಡನೆಯ ಗುಳಿ ಕೊರೆದು ಇಟ್ಟುಕೊಂಡಿದ್ದ. ಬೆಳಿಗ್ಗೆ ಗೊಂಬೆಗಳನ್ನು ಆ ಹಲಗೆಯಲ್ಲಿ ಸಾಲಾಗಿ ಕೂರಿಸಿ ಈಟಿ, ಗುರಾಣಿ ಹಿಡಿದ ಸೈನ್ಯದ ಮೇಲೆ ಬಿಡುತ್ತಿದ್ದ. ಸಂಜೆ ಅವನ್ನೇ ಹಲಗೆಯಿಂದ ಕಿತ್ತು, ಟ್ಯಾಂಕು ಮತ್ತು ಲೇಸರ್ ಬಂದೂಕುಗಳ ಎದುರು ಬಿಡಿಬಿಡಿಯಾಗಿ ನಿಲ್ಲಿಸುತ್ತಿದ್ದ.

ಒಂದು ದಿನ ಗೊಂಬೆ ಎತ್ತಿಡುತ್ತಾ ಕೇಳಿದ: "ಗೊಂಬೆ ಅದೇ ಕಣೋ. ಹೆಸರೂ ಅದೇ, ದೇವರೂ ಅದೇ. ಮತ್ತೆ ಎರಡು ಲೋಕ ಅಂತ ಯಾಕೆ ಹೇಳ್ತೀರ?"

ಈ ಬರಹ ಆ ಪ್ರಶ್ನೆಯ ಬಗ್ಗೆ. ವಾರ್‌ಹ್ಯಾಮರ್ ಆಡುವವರು ಹಲವು ದಶಕಗಳಿಂದ ಇದನ್ನು ಚರ್ಚಿಸುತ್ತಿದ್ದಾರೆ. ನಾನೂ ವರ್ಷಗಟ್ಟಲೆ ಇದರ ಹಿಂದೆ ಬಿದ್ದಿದ್ದೇನೆ. ನನಗೆ ಇದು ಸುಮ್ನೆ ಹೊತ್ತು ಕಳೆಯುವ ಮಾತಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪನಿ ಎರಡು ದೊಡ್ಡ ಟೇಬಲ್‌ಟಾಪ್ ಯುದ್ಧದ ಆಟಗಳನ್ನು ನಡೆಸಿಕೊಂಡು ಬಂದಿದೆ. ಮೇಜಿನ ಮೇಲೆ ಬಣ್ಣ ಬಳಿದ ಸಣ್ಣ ಗೊಂಬೆಗಳ ಸೈನ್ಯ, ಕೈಯಲ್ಲಿ ದಾಳ ಮತ್ತು ಅಳತೆ ಟೇಪು. ಮೊದಲನೆಯದು 1983ರ ವಾರ್‌ಹ್ಯಾಮರ್. ಅದನ್ನು ಮುಂದೆ ಫ್ಯಾಂಟಸಿ ಎಂದು ಕರೆಯುತ್ತೇನೆ. ಅದರಲ್ಲಿ ಎಲ್ಫ್, ಡ್ವಾರ್ಫ್, ಓರ್ಕ್, ಮಂತ್ರವಾದಿಗಳು, ಕುದುರೆ ಸವಾರರು ಇದ್ದಾರೆ. ಎರಡನೆಯದು 1987ರ ವಾರ್‌ಹ್ಯಾಮರ್ 40,000. ಇದು 41ನೇ ಸಹಸ್ರಮಾನದ ಕಥೆ. ಮನುಷ್ಯರ ಸಾಮ್ರಾಜ್ಯ ಇಡೀ ಗ್ಯಾಲಕ್ಸಿಗೆ ಹರಡಿದೆ. ಭೂಮಿಯ ಚಿನ್ನದ ಸಿಂಹಾಸನದ ಮೇಲೆ ಚಕ್ರವರ್ತಿ ಬದುಕೂ ಅಲ್ಲ ಸಾವೂ ಅಲ್ಲ ಎಂಬಂತೆ ಕುಳಿತಿದ್ದಾನೆ.

ಎರಡೂ ಆಟಗಳಿಗೆ ಶತ್ರು ಒಂದೇ. ಅದಕ್ಕೆ ಕೇಯಾಸ್ ಎಂದು ಹೆಸರು. ಖೋರ್ನ್, ನರ್ಗಲ್, ಝೀಂಚ್, ಸ್ಲಾನೆಶ್ ಎಂಬ ನಾಲ್ಕು ದೇವರುಗಳು. ಇವರು ಇರುವುದು ನಮ್ಮ ಜಗತ್ತಿನ ಆಚೆಗಿನ ಒಂದು ಅಲೆಮಯ ಲೋಕದಲ್ಲಿ. 40,000ದಲ್ಲಿ ಅದನ್ನು ವಾರ್ಪ್ ಎನ್ನುತ್ತಾರೆ. ಮನುಷ್ಯರ ಸಿಟ್ಟು, ಭಯ, ಆಸೆ ಎಲ್ಲವೂ ಅಲ್ಲಿ ರೂಪ ಪಡೆಯುತ್ತವೆ.

ಇನ್ನು ಎರಡೂ ಒಂದೇ ಲೋಕ ಎನ್ನುವ ಥಿಯರಿಗೆ ಬರೋಣ. ಅದನ್ನು ಜೋರಾಗಿ ಹೇಳುವವರ ಮಾತು ಹೀಗಿದೆ. ಫ್ಯಾಂಟಸಿಯ ಇಡೀ ಜಗತ್ತು 40,000ದ ಗ್ಯಾಲಕ್ಸಿಯಲ್ಲಿರುವ ಒಂದು ಗ್ರಹ. ಅದರ ಸುತ್ತ ವಾರ್ಪ್ ಬಿರುಗಾಳಿ ಎದ್ದಿದೆ. ಹಾಗಾಗಿ ಯಾವ ಹಡಗೂ ಅಲ್ಲಿಗೆ ಹೋಗಲಾರದು, ಅಲ್ಲಿಂದ ಯಾರೂ ಹೊರಗೆ ಬರಲಾರರು. ಅಲ್ಲಿನ ಜನರಿಗೆ ಆಕಾಶದಲ್ಲಿ ಸಾಮ್ರಾಜ್ಯವಿದೆ ಎಂಬುದೇ ಗೊತ್ತಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರಿದ್ದಾರೆ. ಅವರ ಪ್ರಕಾರ ಆ ಗ್ರಹದಲ್ಲಿ ರಾಜ್ಯ ಕಟ್ಟಿದ ವೀರ ಸಿಗ್ಮರ್, ಭೂಮಿಯ ಚಕ್ರವರ್ತಿಯ ಕಾಣೆಯಾದ ಮಗ.

ಮೊದಲ ಸಲ ಕೇಳಿದಾಗ ನನಗೆ ಮೈ ಜುಮ್ಮೆಂದಿತ್ತು. ಈಗಲೂ ಸ್ವಲ್ಪ ಹಾಗೇ ಆಗುತ್ತದೆ. ಆದರೆ ನಂಬುವುದಕ್ಕೆ ಮೊದಲು ಇದು ಎಲ್ಲಿಂದ ಬಂತು ಎಂದು ನೋಡಬೇಕಲ್ವಾ?

ಹುಟ್ಟಿದ ಮನೆಗೆ ಹೋಗೋಣ. ಗೇಮ್ಸ್ ವರ್ಕ್‌ಶಾಪ್ 1975ರಲ್ಲಿ ಲಂಡನ್ನಿನಲ್ಲಿ ಶುರುವಾಯಿತು. 1979ರಲ್ಲಿ ಬ್ರಯಾನ್ ಆನ್ಸೆಲ್ ಜೊತೆ ಸೇರಿ ಅದು ಗೊಂಬೆ ಎರಕ ಹೊಯ್ಯುವ ಸಿಟಡೆಲ್ ಮಿನಿಯೇಚರ್ಸ್ ಆರಂಭಿಸಿತು. ಮುಂದೆ ಆನ್ಸೆಲ್ ಕೈಗೇ ಇಡೀ ಕಂಪನಿ ಬಂತು, ವ್ಯವಹಾರವೆಲ್ಲ ನಾಟಿಂಗ್‌ಹ್ಯಾಮ್ ಕಡೆಗೆ ಸರಿಯಿತು. 1983ರ ಮೊದಲ ವಾರ್‌ಹ್ಯಾಮರ್ ಬರೆದವರು ಆನ್ಸೆಲ್, ರಿಚರ್ಡ್ ಹ್ಯಾಲಿವೆಲ್ ಮತ್ತು ರಿಕ್ ಪ್ರೀಸ್ಟ್ಲಿ. ಉದ್ದೇಶ ಸರಳವಾಗಿತ್ತು. ಜನರ ಹತ್ತಿರ ಗೊಂಬೆಗಳಿವೆ. ಅವುಗಳ ದೊಡ್ಡ ಸೈನ್ಯ ಕಟ್ಟಿ ಆಡುವ ಆಟವೊಂದಿದ್ದರೆ ಇನ್ನೂ ಜಾಸ್ತಿ ಗೊಂಬೆ ಕೊಳ್ಳುತ್ತಾರೆ.

ನಾಲ್ಕು ವರ್ಷದ ನಂತರ ಅದೇ ಪ್ರೀಸ್ಟ್ಲಿ 40,000ದ ಮೊದಲ ಪುಸ್ತಕ ಬರೆದರು. ಅದರ ಹೆಸರು ರೋಗ್ ಟ್ರೇಡರ್. ಅದನ್ನು ತೆರೆದರೆ ಸಿಗುವುದು ಆಕಾಶಕ್ಕೆ ಹಾರಿದ ಫ್ಯಾಂಟಸಿ. ಎಲ್ಫ್‌ಗಳು ಎಲ್ಡಾರ್ ಆಗಿದ್ದಾರೆ. ಡ್ವಾರ್ಫ್‌ಗಳು ಸ್ಕ್ವಾಟ್ ಆಗಿದ್ದಾರೆ. ಓಗರ್‌ಗಳು ಓಗ್ರಿನ್, ಹಾಫ್ಲಿಂಗ್‌ಗಳು ರ್ಯಾಟ್ಲಿಂಗ್. ಓರ್ಕ್‌ಗಳ ಇಂಗ್ಲಿಷ್ ಹೆಸರಿನಲ್ಲಿ ಕೊನೆಯ ಅಕ್ಷರ ಒಂದೇ ಬದಲಾಗಿದೆ. ಕನ್ನಡದಲ್ಲಿ ಬರೆದರೆ ಆ ವ್ಯತ್ಯಾಸವೂ ಉಳಿಯುವುದಿಲ್ಲ. ಎರಡೂ ಕಡೆ ಓರ್ಕ್‌ಗಳ ದೇವರುಗಳು ಗೋರ್ಕ್ ಮತ್ತು ಮೋರ್ಕ್.

ನಿಯಮಗಳನ್ನು ನೋಡಿ. ಗೊಂಬೆಯ ಬಲಾಬಲ ಹೇಳುವ ಅಂಕಿ ಸಾಲು ಎರಡೂ ಆಟಗಳಲ್ಲಿ ಒಂದೇ ಥರ ಇತ್ತು. ನಡೆ, ಕತ್ತಿ ಚಳಕ, ಗುರಿ, ಬಲ, ಗಟ್ಟಿತನ, ಗಾಯ ತಾಳುವ ಶಕ್ತಿ, ಚುರುಕು, ಹೊಡೆತ, ನಾಯಕತ್ವ. ಒಂದು ಆಟದ ಗೊಂಬೆಯನ್ನು ಇನ್ನೊಂದರಲ್ಲಿ ಇಳಿಸಲು ಜಾಸ್ತಿ ಲೆಕ್ಕ ಬೇಕಿರಲಿಲ್ಲ. ಗೊಂಬೆ ಕೆತ್ತುವ ಜೆಸ್ ಗುಡ್ವಿನ್ ಎರಡೂ ಲೋಕಕ್ಕೆ ಕೆತ್ತುತ್ತಿದ್ದರು. ಚಿತ್ರ ಬರೆಯುವ ಜಾನ್ ಬ್ಲಾಂಚ್ ಎರಡೂ ಲೋಕಕ್ಕೆ ಬರೆಯುತ್ತಿದ್ದರು. ಒಂದೇ ಮನೆ, ಒಂದೇ ಎರಕ, ಅದೇ ಜನ.

ಇದನ್ನೆಲ್ಲ ಒಟ್ಟುಗೂಡಿಸಿದ್ದು ರೆಲ್ಮ್ ಆಫ್ ಕೇಯಾಸ್ ಎಂಬ ಎರಡು ದಪ್ಪ ಪುಸ್ತಕಗಳು. ಮೊದಲನೆಯದು 1988ರಲ್ಲಿ ಬಂತು, ಖೋರ್ನ್ ಮತ್ತು ಸ್ಲಾನೆಶ್ ಬಗ್ಗೆ. ಎರಡನೆಯದು 1990ರಲ್ಲಿ, ನರ್ಗಲ್ ಮತ್ತು ಝೀಂಚ್ ಬಗ್ಗೆ. ಇವನ್ನು ಫ್ಯಾಂಟಸಿಗೂ 40,000ಕ್ಕೂ ಸೇರಿಸಿಯೇ ಬರೆದಿದ್ದರು. ಒಂದು ಪುಟದಲ್ಲಿ ಕಬ್ಬಿಣದ ಕವಚದ ಕಾಡು ಯೋಧ. ಪುಟ ತಿರುಗಿಸಿದರೆ ಚಕ್ರವರ್ತಿಯ ವಿರುದ್ಧ ದಂಗೆಯೆದ್ದ ಸ್ಪೇಸ್ ಮರೀನ್ ಎಂಬ ಬಾಹ್ಯಾಕಾಶ ಯೋಧ. ಇಬ್ಬರಿಗೂ ವರ ಕೊಡುವ ದೇವರು ಒಬ್ಬನೇ. ಹೀಗಾಗಿ ಈ ಥಿಯರಿ ಆಟಗಾರರ ಕಲ್ಪನೆಯಿಂದ ಮಾತ್ರ ಹುಟ್ಟಿದ್ದಲ್ಲ. ಅದರ ಬೀಜ ಪುಸ್ತಕದಲ್ಲೇ ಇತ್ತು. ಆ ಕಾಲದಲ್ಲಿ ಓದಿದವನಿಗೆ ಎರಡೂ ಒಂದೇ ಲೋಕ ಅನ್ನಿಸಿದರೆ ಅವನ ತಪ್ಪೇನೂ ಇಲ್ಲ.

ಇನ್ನು ಸ್ಲಾನ್ ಎಂಬ ಕಪ್ಪೆ ಮುಖದವರ ವಿಷಯ. ನನ್ನ ಮಟ್ಟಿಗೆ ಪುರಾವೆಗಳಲ್ಲಿ ತುಂಬಾ ಸ್ವಾರಸ್ಯ ಇರುವುದು ಇಲ್ಲಿ. ಫ್ಯಾಂಟಸಿಯ ಹಳೆಯ ಕಥೆಯಲ್ಲಿ ಇವರು ನಕ್ಷತ್ರಗಳ ನಡುವೆ ಓಡಾಡುತ್ತಿದ್ದ ಜನ. ಆ ಜಗತ್ತಿಗೆ ಬಂದು, ಎರಡು ಧ್ರುವಗಳಲ್ಲಿ ದೊಡ್ಡ ಬಾಗಿಲುಗಳನ್ನು ನಿಲ್ಲಿಸಿದರು. ಆ ಬಾಗಿಲು ಕುಸಿದಾಗ ಕೇಯಾಸ್ ಒಳಗೆ ನುಗ್ಗಿತು. ಆ ಜಗತ್ತಿನ ಮಾಂತ್ರಿಕ ಶಕ್ತಿ ಹರಿದು ಬರುವುದೂ ಅಲ್ಲಿಂದಲೇ. ರೋಗ್ ಟ್ರೇಡರ್ ಪುಸ್ತಕದಲ್ಲೂ ಸ್ಲಾನ್ ಇದ್ದಾರೆ, ಗ್ಯಾಲಕ್ಸಿಯ ತುಂಬಾ ಹಳೆಯ ಜನಾಂಗವಾಗಿ. ಆಮೇಲೆ ಫ್ಯಾಂಟಸಿಯಲ್ಲಿ ಕಥೆ ತಿದ್ದಿದರು. ಬಾಗಿಲು ಕಟ್ಟಿದವರು ಓಲ್ಡ್ ಒನ್ಸ್ ಎಂಬ ಹಿರಿಯರು, ಸ್ಲಾನ್ ಅವರ ಸೇವಕರು ಎಂದಾಯಿತು. ಅಲ್ಲಿಗೆ ಎರಡು ದಾರಿ ಬೇರೆಯಾದವು ಎಂದುಕೊಂಡೆವು. ಆದರೆ 2002ರಲ್ಲಿ 40,000ದ ನೆಕ್ರಾನ್ ಎಂಬ ಸೈನ್ಯದ ಕೋಡೆಕ್ಸ್, ಅಂದರೆ ಅದರ ಕಥೆ ಮತ್ತು ನಿಯಮಗಳ ಪುಸ್ತಕ ಬಂತು. ಅದರಲ್ಲಿ ಕೋಟ್ಯಂತರ ವರ್ಷ ಹಿಂದೆ ಯುದ್ಧ ಮಾಡಿದ ಹಿರಿಯರ ಹೆಸರೇನು ಗೊತ್ತಾ? ಓಲ್ಡ್ ಒನ್ಸ್.

ಎಲ್ಫ್‌ಗಳ ದೇವರುಗಳೂ ಹೀಗೇ. ಆಸುರ್ಯನ್, ಕೈ ತುಂಬ ರಕ್ತದ ಖೈನ್, ಐಶಾ, ಕಮ್ಮಾರ ವಾಲ್, ಲಿಲಿಯತ್, ಮೊರಾಯ್ ಹೆಗ್. ಎಲ್ಫ್‌ಗಳಿಗೂ ಎಲ್ಡಾರ್‌ಗಳಿಗೂ ಇವರೇ ದೇವರುಗಳು. ಹೆಸರು ಮಾತ್ರ ಒಂದಾಗಿದ್ದರೆ ಎರವಲು ಎಂದು ಬಿಡಬಹುದಿತ್ತು. ಕೆಲಸವೂ ಒಂದೇ, ಸ್ವಭಾವವೂ ಒಂದೇ.

ಗೆಳೆಯನಿಗೆ ಬಹಳ ಪ್ರಿಯವಾದ ಪುರಾವೆ ಇನ್ನೊಂದು. ಫ್ಯಾಂಟಸಿಯ ಓಗರ್‌ಗಳ ನಾಡಿಗೆ ಆಕಾಶದಿಂದ ಏನೋ ದೊಡ್ಡದು ಬಂದು ಬಿತ್ತು. ಬಿದ್ದ ಜಾಗದಲ್ಲಿ ಹಲ್ಲುಗಳಿರುವ, ಹಸಿವು ತೀರದ ಒಂದು ಬೃಹತ್ ಬಾಯಿ ಉಳಿಯಿತು. ಓಗರ್‌ಗಳು ಅದನ್ನೇ ಗ್ರೇಟ್ ಮಾ ಎಂದು ಪೂಜಿಸುತ್ತಾರೆ. 40,000ದಲ್ಲಿ ಟೈರನಿಡ್ ಎಂಬ ಜೀವಿಗಳಿವೆ. ಗ್ಯಾಲಕ್ಸಿಯ ಆಚೆಯಿಂದ ಬಂದು ಗ್ರಹಗಳನ್ನೇ ತಿಂದು ಮುಗಿಸುತ್ತವೆ. "ದಾರಿ ತಪ್ಪಿ ಬಿದ್ದ ಟೈರನಿಡ್ ಕಣೋ ಅದು" ಎಂದು ಅವನ ವಾದ.

ಇಷ್ಟು ಕೇಳಿದರೆ ಪ್ರಕರಣ ಮುಗಿಯಿತು ಎನಿಸುತ್ತದೆ. ಆದರೆ ಸಿಗ್ಮರ್ ಭಾಗವನ್ನು ಕೈಗೆತ್ತಿಕೊಂಡ ಕೂಡಲೇ ಎಳೆ ಸಡಿಲವಾಗುತ್ತದೆ.

40,000ದ ಕಥೆಯಲ್ಲಿ ಚಕ್ರವರ್ತಿ ಇಪ್ಪತ್ತು ಮಕ್ಕಳನ್ನು ಸೃಷ್ಟಿಸಿದ. ಅವರಿಗೆ ಪ್ರೈಮಾರ್ಕ್ ಎಂದು ಹೆಸರು. ಕೇಯಾಸ್ ದೇವರುಗಳು ಆ ಶಿಶುಗಳನ್ನು ತೊಟ್ಟಿಲ ಸಮೇತ ಗ್ಯಾಲಕ್ಸಿಯ ತುಂಬ ಎಸೆದರು. ಒಬ್ಬೊಬ್ಬನೂ ಒಂದೊಂದು ಗ್ರಹದಲ್ಲಿ ಬಿದ್ದ. ಅಲ್ಲಿನ ಜನರ ನಡುವೆ ಬೆಳೆದ, ನಾಯಕನಾದ, ಕೊನೆಗೆ ತಂದೆ ಹುಡುಕಿಕೊಂಡು ಬಂದ. ಹದಿನೆಂಟು ಮಕ್ಕಳ ಕಥೆ ನಮಗೆ ಗೊತ್ತು. ಎರಡನೆಯವನು ಮತ್ತು ಹನ್ನೊಂದನೆಯವನು ಮಾತ್ರ ದಾಖಲೆಯಿಂದಲೇ ಅಳಿಸಿಹೋಗಿದ್ದಾರೆ. ಬರೆದವರು ಆ ಎರಡು ಜಾಗಗಳನ್ನು ಬೇಕೆಂದೇ ಖಾಲಿ ಬಿಟ್ಟಿದ್ದಾರೆ.

ಸಿಗ್ಮರ್ ಕಥೆ ನೋಡಿ. ಅವನು ಹುಟ್ಟಿದಾಗ ಆಕಾಶದಲ್ಲಿ ಎರಡು ಬಾಲದ ಧೂಮಕೇತು ಹಾದುಹೋಯಿತು. ಕಾಡು ಬುಡಕಟ್ಟುಗಳ ನಡುವೆ ಬೆಳೆದ. ಡ್ವಾರ್ಫ್ ರಾಜ ಕುರ್ಗನ್‌ನನ್ನು ಓರ್ಕ್‌ಗಳಿಂದ ಬಿಡಿಸಿ, ಘಾಲ್ ಮರಾಜ್ ಎಂಬ ಸುತ್ತಿಗೆಯನ್ನು ಬಹುಮಾನವಾಗಿ ಪಡೆದ. ಹರಿದು ಹಂಚಿಹೋಗಿದ್ದ ಬುಡಕಟ್ಟುಗಳನ್ನೆಲ್ಲ ಸೇರಿಸಿ ಎಂಪೈರ್ ಕಟ್ಟಿದ. ಅವನ ಪಟ್ಟಾಭಿಷೇಕದಿಂದಲೇ ಆ ನಾಡಿನ ವರ್ಷ ಎಣಿಕೆ ಶುರು. ಐವತ್ತು ವರ್ಷ ಆಳಿ, ಒಂದು ದಿನ ಸುತ್ತಿಗೆ ಹಿಡಿದು ಪೂರ್ವದ ಬೆಟ್ಟಗಳ ಕಡೆಗೆ ಒಬ್ಬನೇ ಹೊರಟ. ಮತ್ತೆ ಕಾಣಲಿಲ್ಲ. ಜನ ದೇವರೆಂದು ಪೂಜಿಸಿದರು.

ಧೂಮಕೇತುವೇ ತೊಟ್ಟಿಲು, ಪೂರ್ವಕ್ಕೆ ಹೋದದ್ದು ತಂದೆಯನ್ನು ಸೇರಲು. ಕಥೆ ಎಷ್ಟು ಚೆನ್ನಾಗಿ ಕೂಡಿಬರುತ್ತದೆ! ಆದರೆ ಒಂದು ಸಣ್ಣ ವಿವರ ಅದನ್ನು ಮುರಿಯುತ್ತದೆ. ಸಿಗ್ಮರ್‌ಗೆ ತಂದೆ ಇದ್ದಾನೆ. ಉನ್‌ಬೆರೊಗನ್ ಬುಡಕಟ್ಟಿನ ಮುಖ್ಯಸ್ಥ ಬ್ಯೋರ್ನ್. ಸಿಗ್ಮರ್ ಆಕಾಶದಿಂದ ಬಿದ್ದವನಲ್ಲ, ಮನೆಯಲ್ಲಿ ಹುಟ್ಟಿದವನು. ಧೂಮಕೇತು ಅವನ ಜನ್ಮದ ಶಕುನ ಅಷ್ಟೇ.

ಕಾಲದ ಲೆಕ್ಕವೂ ಕೂಡುವುದಿಲ್ಲ. ಪ್ರೈಮಾರ್ಕ್‌ಗಳು ಚದುರಿದ್ದು 40,000ದ ಈಗಿನ ಕಾಲಕ್ಕಿಂತ ಹತ್ತು ಸಾವಿರ ವರ್ಷಕ್ಕೂ ಹಿಂದೆ. ಸಿಗ್ಮರ್ ಬದುಕಿದ್ದು ಫ್ಯಾಂಟಸಿಯ ಈಗಿನ ಕಾಲಕ್ಕಿಂತ ಸುಮಾರು ಎರಡೂವರೆ ಸಾವಿರ ವರ್ಷ ಹಿಂದೆ. ಸ್ಲಾನೆಶ್ ವಿಷಯ ಇನ್ನೂ ಕಷ್ಟ. 40,000ದಲ್ಲಿ ಈ ದೇವರು ಹುಟ್ಟಿದ್ದು ಎಲ್ಡಾರ್‌ಗಳ ಭೋಗದ ಅತಿರೇಕದಿಂದ. ಆ ಹುಟ್ಟಿನ ಹೊಡೆತಕ್ಕೆ ಆಕಾಶವೇ ಸೀಳಿ, ಐ ಆಫ್ ಟೆರರ್ ಎಂಬ ಗಾಯವಾಯಿತು. ಫ್ಯಾಂಟಸಿಯ ಎಲ್ಫ್‌ಗಳ ಚರಿತ್ರೆಯಲ್ಲಿ ಅಂಥ ಘಟನೆಯೇ ಇಲ್ಲ. ಧ್ರುವದ ಬಾಗಿಲು ಕುಸಿದಾಗ ನಾಲ್ಕೂ ದೇವರುಗಳ ದೆವ್ವಗಳು ಒಟ್ಟಿಗೇ ಬಂದವು.

ಇದನ್ನು ಗೆಳೆಯನ ಮುಂದಿಟ್ಟರೆ ಅವನ ಉತ್ತರ ತಯಾರಾಗಿತ್ತು. "ವಾರ್ಪ್‌ನಲ್ಲಿ ಕಾಲ ನೇರವಾಗಿ ಹರಿಯಲ್ಲ." ಈ ಮಾತು ಪುಸ್ತಕದಲ್ಲೇ ಇದೆ, ನಿಜ. ವಾರ್ಪ್ ಒಳಗೆ ಹೋದ ಹಡಗು ನೂರಾರು ವರ್ಷ ತಡವಾಗಿ ಹೊರಬರಬಹುದು. ಹೊರಟ ದಿನಕ್ಕಿಂತ ಮೊದಲೇ ಬರಲೂಬಹುದು. ಆದರೆ ಎಲ್ಲ ಬೀಗಕ್ಕೂ ಇದೊಂದೇ ಕೀಲಿ ಹಾಕತೊಡಗಿದರೆ ನನಗೆ ಭಯವಾಗುತ್ತದೆ. ಯಾವ ಆಕ್ಷೇಪ ಎತ್ತಿದರೂ ವಾರ್ಪ್ ಎಂದು ಹೇಳಿ ದಾಟಿಬಿಡಬಹುದು ಎಂದಾದರೆ, ಥಿಯರಿ ತಪ್ಪೆಂದು ತೋರಿಸುವ ದಾರಿಯೇ ಇರುವುದಿಲ್ಲ. ಹಾಗಾದಾಗ ಅದು ಸರಿ ಎಂದು ತೋರಿಸುವ ದಾರಿಯೂ ಮುಚ್ಚಿಹೋಗುತ್ತದೆ.

ಹಾಗಾದರೆ ಎರಡು ಲೋಕಕ್ಕೂ ಸಂಬಂಧವೇ ಇಲ್ಲವೇ? ಇದೆ. ಅದನ್ನು ಹುಡುಕಿದ ಜಾಗ ತಪ್ಪು ಎಂದು ನನ್ನ ಅಭಿಪ್ರಾಯ. ಗ್ರಹದ ನಕ್ಷೆಯಲ್ಲಿ ಹುಡುಕುವ ಬದಲು ದೆವ್ವಗಳ ಹೆಸರಿನಲ್ಲಿ ಹುಡುಕಬೇಕಿತ್ತು.

2008ರಲ್ಲಿ ಕಂಪನಿ ಕೇಯಾಸ್ ದೆವ್ವಗಳ ಎರಡು ಪುಸ್ತಕಗಳನ್ನು ಜೊತೆಯಾಗಿ ತಂದಿತು. ಫ್ಯಾಂಟಸಿಗೊಂದು ಆರ್ಮಿ ಬುಕ್, 40,000ಕ್ಕೊಂದು ಕೋಡೆಕ್ಸ್. ಗೊಂಬೆಗಳು ಎರಡಕ್ಕೂ ಅವೇ. ಮುಖ್ಯವಾದ ಮಾತೆಂದರೆ, ಹೆಸರಿರುವ ನಾಯಕರೂ ಅವರೇ. ತನ್ನ ದೇವರ ಮೇಲೆಯೇ ಕೊಡಲಿ ಎತ್ತಿ ಹೊರಗೆ ಎಸೆಯಲ್ಪಟ್ಟ ಸ್ಕಾರ್‌ಬ್ರಾಂಡ್. ಕಾಲದ ಬಾವಿಗೆ ಬಿದ್ದು, ಒಂದು ತಲೆ ಹಿಂದಿನದನ್ನೂ ಇನ್ನೊಂದು ಮುಂದಿನದನ್ನೂ ನೋಡುವ ಕೈರೋಸ್. ನರ್ಗಲ್‌ನ ರೋಗ ಕಲಸುವ ಕುಗಾತ್. ಇವರ ಹಿಂದಿನ ಕಥೆ ಎರಡೂ ಕಡೆ ಒಂದೇ. ಬೆಲಾಕೋರ್ ಎಂಬವನಿದ್ದಾನೆ. ಮನುಷ್ಯನಾಗಿದ್ದು, ನಾಲ್ಕೂ ದೇವರುಗಳ ವರ ಪಡೆದು, ದೆವ್ವಗಳ ರಾಜಕುಮಾರನಾದ ಮೊದಲಿಗ. 2004ರಲ್ಲಿ ಸ್ಟಾರ್ಮ್ ಆಫ್ ಕೇಯಾಸ್ ಎಂಬ ಫ್ಯಾಂಟಸಿ ಕದನ ಸರಣಿಯಲ್ಲಿ ಕಾಣಿಸಿಕೊಂಡ. 2013ರಲ್ಲಿ 40,000ಕ್ಕೂ ಬಂದ. ಎರಡೂ ಕಡೆ ಅದೇ ರೆಕ್ಕೆ, ಅದೇ ಕತ್ತಿ, ಅದೇ ಸಿಟ್ಟು.

ಇದು ನಮಗೆ ಹೊಸದಲ್ಲ. ರಾಮಾಯಣದಲ್ಲಿ ಕಪಿಸೇನೆಯ ಜೊತೆಗಿದ್ದ ಜಾಂಬವಂತ, ಯುಗ ದಾಟಿ ಕೃಷ್ಣನ ಜೊತೆ ಸ್ಯಮಂತಕ ಮಣಿಗಾಗಿ ಕುಸ್ತಿ ಹಿಡಿಯುತ್ತಾನೆ. ಜಾಂಬವತಿ ಕಲ್ಯಾಣ ಪ್ರಸಂಗವನ್ನು ಯಕ್ಷಗಾನದಲ್ಲಿ ನೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಸೌಗಂಧಿಕಾ ಹೂವು ತರಲು ಹೊರಟ ಭೀಮನ ದಾರಿಗೆ ಹನುಮಂತ ಬಾಲ ಚಾಚಿ ಮಲಗಿರುತ್ತಾನೆ. ಎರಡು ಕಥೆಗಳಿಗೆ ಹೊಲಿಗೆ ಹಾಕುವವರು ಸಾವಿಲ್ಲದವರು. ರಾಮನನ್ನು ದ್ವಾರಕೆಗೆ ತರಬೇಕಾಗಿಲ್ಲ. ಅಯೋಧ್ಯೆ ಮತ್ತು ಹಸ್ತಿನಾವತಿ ಒಂದೇ ಊರು ಎಂದು ಸಾಧಿಸಬೇಕಾಗಿಯೂ ಇಲ್ಲ. ಇತ್ತ ಒಬ್ಬ, ಅತ್ತ ಒಬ್ಬ ಚಿರಂಜೀವಿ ನಡೆದು ಬಂದರೆ ಸಾಕು.

ವಾರ್‌ಹ್ಯಾಮರ್‌ನಲ್ಲಿ ಆ ಕೆಲಸ ದೆವ್ವಗಳದ್ದು. ಅವುಗಳಿಗೆ ಸಾವಿಲ್ಲ. ಒಂದು ಲೋಕದಲ್ಲಿ ಕತ್ತರಿಸಿದರೆ ವಾರ್ಪ್‌ಗೆ ಹಿಂತಿರುಗುತ್ತವೆ, ಇನ್ನೊಂದು ದಿನ ಇನ್ನೊಂದು ಬಾಗಿಲಿನಿಂದ ಬರುತ್ತವೆ. ಆದ್ದರಿಂದ ಫ್ಯಾಂಟಸಿಯ ಜಗತ್ತು ಗ್ಯಾಲಕ್ಸಿಯ ಒಳಗಿರಬೇಕಾದ ಅಗತ್ಯ ಕಾಣುವುದಿಲ್ಲ. ಎರಡು ಮನೆಗಳಿಗೆ ಒಂದೇ ಹಿತ್ತಲಿದ್ದರೆ ಸಾಕು. 2000ದ ದಶಕದ ಆರಂಭದಲ್ಲಿ ಬಂದ ಲಿಬರ್ ಕೇಯಾಟಿಕಾ ಪುಸ್ತಕಗಳೂ ಇದನ್ನೇ ತೋರಿಸುತ್ತವೆ. ಅವನ್ನು ಬರೆದವನು ಸಿಗ್ಮರ್‌ನ ಪೂಜಾರಿ ರಿಕ್ಟರ್ ಕ್ಲೆಸ್ ಎಂದು ಕಲ್ಪಿಸಿದ್ದಾರೆ. ಕೇಯಾಸ್ ಬಗ್ಗೆ ಓದುತ್ತಾ ಓದುತ್ತಾ ಅವನಿಗೆ ಕನಸು ಬೀಳುತ್ತವೆ. ಆ ಕನಸುಗಳಲ್ಲಿ 40,000ದ ಯೋಧರು ಕಾಣುತ್ತಾರೆ. ಅವನಿಗೆ ಅವರು ಯಾರೆಂದೇ ತಿಳಿಯದು. ಅವನು ಅಲ್ಲಿಗೆ ಹೋಗಲಿಲ್ಲ, ಅವರೂ ಇಲ್ಲಿಗೆ ಬರಲಿಲ್ಲ. ಹಿತ್ತಲ ಗೋಡೆಯಾಚೆಗೆ ಒಮ್ಮೆ ಇಣುಕಿ ನೋಡಿದ, ಅಷ್ಟೇ.

ಪ್ರಕರಣಕ್ಕೆ ದೊಡ್ಡ ಹೊಡೆತ ಬಿದ್ದದ್ದು 2014 ಮತ್ತು 2015ರಲ್ಲಿ. ಎಂಡ್ ಟೈಮ್ಸ್ ಎಂಬ ಐದು ಪುಸ್ತಕಗಳಲ್ಲಿ ಫ್ಯಾಂಟಸಿಯ ಜಗತ್ತನ್ನೇ ಕಂಪನಿ ನಾಶ ಮಾಡಿತು. ಮೂವತ್ತು ವರ್ಷ ಜನ ಪ್ರೀತಿಸಿದ ಊರು, ನದಿ, ಕೋಟೆ ಎಲ್ಲ ಪುಡಿಯಾಯಿತು. ಆಗ ಆಟಗಾರರಿಗೆ ಆದ ನೋವು ದೊಡ್ಡದು, ನನಗೂ ಆಯಿತು. ಆ ಪುಸ್ತಕಗಳಲ್ಲಿ ಸಿಗ್ಮರ್ ಮರಳಿ ಬಂದ. ಬಂದದ್ದು ಗ್ಯಾಲಕ್ಸಿಯಿಂದಲ್ಲ, ತನ್ನದೇ ಜಗತ್ತಿನ ಮಾಂತ್ರಿಕ ಗಾಳಿಯೊಂದರ ಒಳಗಿನಿಂದ. ಎಂಪೈರ್‌ನ ಆಗಿನ ದೊರೆ ಕಾರ್ಲ್ ಫ್ರಾಂಜ್‌ನ ಮೈಯಲ್ಲಿ ಎದ್ದು ನಿಂತ. ಕಾಣೆಯಾಗಿದ್ದ ಮಗ ಎಲ್ಲಿದ್ದ ಎಂಬ ಪ್ರಶ್ನೆಗೆ ಕಥೆಯೇ ಉತ್ತರ ಕೊಟ್ಟಿತು.

2015ರ ಜುಲೈನಲ್ಲಿ ಏಜ್ ಆಫ್ ಸಿಗ್ಮರ್ ಎಂಬ ಹೊಸ ಆಟ ಬಂತು. ನಾಶವಾದ ಜಗತ್ತಿನ ತಿರುಳನ್ನು ಹಿಡಿದು ಶೂನ್ಯದಲ್ಲಿ ತೇಲಿದ ಸಿಗ್ಮರ್, ಎಂಟು ಹೊಸ ಲೋಕಗಳಲ್ಲಿ ದೇವರಾದ. ಚಿನ್ನದ ಕವಚದ ಸ್ಟಾರ್ಮ್‌ಕಾಸ್ಟ್ ಯೋಧರನ್ನು ಸೃಷ್ಟಿಸಿದ. ಅವರನ್ನು ನೋಡಿದ ಕೂಡಲೇ ಜನ "ಇವರು ಸ್ಪೇಸ್ ಮರೀನ್‌ಗಳೇ" ಎಂದರು. ಥಿಯರಿ ಮತ್ತೆ ಚಿಗುರಿತು. ಆದರೆ ಆ ಹೊಸ ಕಥೆಯಲ್ಲಿ ಸ್ಲಾನೆಶ್‌ನನ್ನು ಎಲ್ಫ್ ದೇವರುಗಳು ಸೆರೆ ಹಿಡಿದಿದ್ದಾರೆ. 40,000ದಲ್ಲಿ ಅದೇ ಸ್ಲಾನೆಶ್ ಯಾವ ಸಂಕೋಲೆಯೂ ಇಲ್ಲದೆ ಎಲ್ಡಾರ್ ಆತ್ಮಗಳನ್ನು ನುಂಗುತ್ತಿದ್ದಾನೆ. ಹಿತ್ತಲು ಒಂದೇ ಎನ್ನುವ ನನ್ನ ವಾದಕ್ಕೂ ಇದು ಸವಾಲು. ನಾನು ಒಪ್ಪಿಕೊಳ್ಳುತ್ತೇನೆ. ಇಲ್ಲಿ ವಾರ್ಪ್‌ನ ಕಾಲ ಬೇರೆ ಎಂದು ಹೇಳಿ ಜಾರಿಕೊಳ್ಳಲು ನನಗೂ ಆಸೆಯಾಗುತ್ತದೆ. ಗೆಳೆಯನಿಗೆ ಬೇಡವೆಂದ ಕೀಲಿಯನ್ನು ನಾನು ಬಳಸುವುದು ಸರಿಯಲ್ಲ. ಹಾಗಾಗಿ ಇದನ್ನು ನನ್ನ ವಾದದ ತೂತು ಎಂದೇ ಬರೆದಿಡುತ್ತೇನೆ.

2024ರ ಜನವರಿಯಲ್ಲಿ ದಿ ಓಲ್ಡ್ ವರ್ಲ್ಡ್ ಬಂತು. ನಾಶವಾಗುವುದಕ್ಕೆ ಶತಮಾನಗಳ ಮುಂಚಿನ ಅದೇ ಜಗತ್ತು, ಅದೇ ಚೌಕ ಬೇಸ್. ಗೆಳೆಯ ಹಳೆಯ ಹಲಗೆಯನ್ನು ಅಟ್ಟದಿಂದ ಇಳಿಸಿದ. ಧೂಳು ಒರೆಸಿ, ಗುಳಿಗಳಲ್ಲಿ ಬ್ಲಡ್‌ಲೆಟರ್‌ಗಳನ್ನು ಒಂದೊಂದಾಗಿ ಕೂರಿಸಿದ.

ನಾನು ನನ್ನ ತೀರ್ಮಾನವನ್ನೆಲ್ಲ ಹೇಳಿದೆ. ಗ್ರಹದ ಥಿಯರಿ 1988ರ ಪುಸ್ತಕಗಳ ಕಾಲಕ್ಕೆ ನ್ಯಾಯವಾಗಿತ್ತು, ಇವತ್ತಿಗೆ ನಿಲ್ಲುವುದಿಲ್ಲ. ಸಿಗ್ಮರ್ ಪ್ರೈಮಾರ್ಕ್ ಅಲ್ಲ, ಅವನಿಗೆ ಅಪ್ಪ ಇದ್ದಾನೆ. ದೆವ್ವಗಳು ಮಾತ್ರ ಎರಡೂ ಕಡೆಯವು. ಗೆಳೆಯ ಗೊಂಬೆ ಜೋಡಿಸುತ್ತಾ ಪೂರ್ತಿ ಕೇಳಿಸಿಕೊಂಡ.

"ಸಿಗ್ಮರ್ ಬಿಟ್ಟುಬಿಡ್ತೀನಿ," ಎಂದ. "ಆ ಬಾಯಿ ಆಕಾಶದಿಂದ ಬಿತ್ತಲ್ಲ, ಅದು ಯಾವ ಆಕಾಶ ಹೇಳು."

ನಾನು ಓಗರ್‌ಗಳ ಆರ್ಮಿ ಬುಕ್ ಹುಡುಕಲು ಕಪಾಟಿನ ಕಡೆಗೆ ಎದ್ದೆ.